ರೈಟ್ ಅಂದವರು

ತಾತ ಓಡಿಹೋದರು ಎಂದು ಯಾರಾದರೂ ಅಂದರೆ ಅಜ್ಜಿಗೆ ಮೈಯೆಲ್ಲ ಉರಿಯುತ್ತಿತ್ತು. ಬೀದಿಯವರು ಅಂದರು, ಪೊಲೀಸರು ಅಂದರು, ಕೊನೆಗೆ ಹೊಟ್ಟೆಯಲ್ಲಿ ಹುಟ್ಟಿದ ಮಗಳೂ ಅಂದಳು. ಅಜ್ಜಿ ಪ್ರತಿ ಸಲವೂ ತಿದ್ದುತ್ತಿದ್ದಳು. "ಓಡಿಹೋಗೋಕೆ ಅವರೇನು ಕಳ್ಳರಾ? ಡ್ಯೂಟಿಗೆ ಹೋಗಿದ್ದಾರೆ." ಕೇಳಿದವರು ಅಯ್ಯೋ ಪಾಪ ಎಂಬಂತೆ ಮುಖ ಮಾಡುತ್ತಿದ್ದರು. ಗಂಡನ ಮರೆವು ಹೆಂಡತಿಗೂ ಅಂಟಿಕೊಂಡಿತು ಅಂದುಕೊಂಡವರೂ ಇದ್ದರು. ಅಂದುಕೊಳ್ಳಲಿ ಬಿಡಿ. ಆ ಮನೆಯಲ್ಲಿ ಎಲ್ಲ ಸರಿಯಾಗಿ ನೆನಪಿದ್ದವಳು ಅಜ್ಜಿ ಒಬ್ಬಳೇ.

ತಾತ ಸಿಟಿ ಬಸ್ಸಿನ ಡ್ರೈವರ್ ಆಗಿದ್ದವರು. ಜೀವಮಾನವಿಡೀ ಒಂದೇ ರೂಟು. ಹಳೇ ಡಿಪೋದಿಂದ ಹೊರಟರೆ ಗಡಿಯಾರದ ಕಂಬ, ಕಾಗದದ ಕಾರ್ಖಾನೆ, ದೊಡ್ಡಾಸ್ಪತ್ರೆ, ನರ್ಸುಗಳ ಹಾಸ್ಟೆಲ್ಲು, ಕೊನೆಗೆ ನೀರಿನ ಟ್ಯಾಂಕು. ನಿವೃತ್ತಿಯಾದ ಮೇಲೆ ಒಂದು ಹಳೆಯ ನೀಲಿ ಕಾರು ಕೊಂಡು ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿರುಗುತ್ತಿದ್ದರು. ಆಮೇಲೆ ಮರೆವು ಶುರುವಾಯಿತು. ಮೊದಲು ಕನ್ನಡಕ ಎಲ್ಲಿಟ್ಟೆ ಎಂಬುದು, ಆಮೇಲೆ ಊಟ ಆಯಿತೋ ಇಲ್ಲವೋ ಎಂಬುದು, ಆಮೇಲೆ ಎದುರಿಗೆ ನಿಂತ ಮಗ ಯಾರು ಎಂಬುದು. ಒಂದು ದಿನ ನಾಲ್ಕು ರಸ್ತೆ ಸೇರುವಲ್ಲಿ ಕಾರು ನಿಲ್ಲಿಸಿ, ಕಂಡಕ್ಟರ್ ಎಲ್ಲಿ ಸತ್ತ ಎಂದು ಕೇಳುತ್ತ ಕೂತುಬಿಟ್ಟರು. ಹಿಂದೆ ಅರ್ಧ ಊರೇ ಹಾರನ್ ಹೊಡೆಯುತ್ತಿತ್ತು. ಅವತ್ತೇ ಮಗ ಕಾರಿನ ಬ್ಯಾಟರಿ ಬಿಚ್ಚಿ ತೆಗೆದ.

ಬ್ಯಾಟರಿ ತೆಗೆಯುವುದು ಸುಲಭವಾಗಿತ್ತು, ಡ್ರೈವರನ್ನು ಸಮಾಧಾನ ಮಾಡುವುದು ಹಾಗಿರಲಿಲ್ಲ. ಡ್ಯೂಟಿಗೆ ಲೇಟಾಯಿತೆಂದು ತಾತ ಬಾಗಿಲು ಗುದ್ದಿದರು, ಸೊಸೆ ಕೊಟ್ಟ ತಟ್ಟೆ ತಳ್ಳಿದರು, ಮಗನನ್ನು ನೀನ್ಯಾವ ಡಿಪೋ ಮ್ಯಾನೇಜರ್ರು ಎಂದು ಕೇಳಿದರು. ಆಗ ಅಜ್ಜಿ ಒಂದು ಉಪಾಯ ಹೂಡಿದಳು. ಬೆಳಿಗ್ಗೆ ತಿಂಡಿಗೆ ಮುಂಚೆ ಗೋಡೆಯ ಮೊಳೆಯಿಂದ ಕೀಲಿ ತೆಗೆದು ತಾತನ ಕೈಗೆ ಕೊಟ್ಟಳು. ತಾತ ಅಂಗಳದ ಕಾರಿನಲ್ಲಿ ಕೂತು, ಕನ್ನಡಿ ಸರಿಮಾಡಿ, ಕೀಲಿ ತಿರುಗಿಸಿದರು. ಎಂಜಿನ್ನು ತುಟಿ ಪಿಟಕ್ಕೆನ್ನಲಿಲ್ಲ. ಅದು ಅವರ ಗಮನಕ್ಕೇ ಬರಲಿಲ್ಲ. ಅಜ್ಜಿ ಕಾರಿನ ನೆತ್ತಿಗೆ ಎರಡು ಸಲ ತಟ್ಟಿ "ರೈಟ್" ಅಂದು ಪಕ್ಕದಲ್ಲಿ ಕೂತಳು. ತಾತ ಗೇರು ಹಾಕಿದರು, ಸ್ಟೇರಿಂಗ್ ತಿರುಗಿಸಿದರು, ಒಂದೊಂದೇ ಸ್ಟಾಪಿನ ಹೆಸರು ಕೂಗಿದರು. ನೀರಿನ ಟ್ಯಾಂಕ್ ಬಂದಾಗ ಲಾಸ್ಟ್ ಸ್ಟಾಪ್, ಎಲ್ಲರೂ ಇಳೀರಿ ಎಂದು ತಾವೂ ಇಳಿದು, ಕೈಕಾಲು ತೊಳೆದು ತಿಂಡಿಗೆ ಬಂದರು. ಇಡೀ ದಿನ ಮನೆ ತಣ್ಣಗಿತ್ತು.

ಅಂದಿನಿಂದ ಅದೇ ನಿತ್ಯದ ನಡಾವಳಿಯಾಯಿತು. ಕಂಡಕ್ಟರ್ ಕೆಲಸಕ್ಕೆ ಮನೆಮಂದಿ ಸರದಿ ಹಾಕಿಕೊಂಡರು. ಒಂದೇ ಒಂದು ನಿಯಮ: ಯಾರಾದರೂ ರೈಟ್ ಅನ್ನಬೇಕು. ಅನ್ನದಿದ್ದರೆ ತಾತ ಗೇರಿಗೆ ಕೈ ಹಾಕುವವರಲ್ಲ. ಒಮ್ಮೆ ಸೊಸೆ ತನ್ನ ಸರದಿ ಮರೆತು ಹೊಲಿಗೆ ಅಂಗಡಿಗೆ ಹೋಗಿಬಿಟ್ಟಾಗ, ಅವರು ಬಿಸಿಲಲ್ಲಿ ಬೆವರು ಸುರಿಸುತ್ತ ಮಧ್ಯಾಹ್ನದವರೆಗೆ ಅಲ್ಲೇ ಕೂತಿದ್ದರು. ಒರೆಸಿಕೊಳ್ಳುವುದಕ್ಕೂ ಸ್ಟೇರಿಂಗ್ ಬಿಟ್ಟಿರಲಿಲ್ಲ.

ಬೀದಿಯವರು ನಗುತ್ತಿದ್ದದ್ದು ಮಗನಿಗೆ ಹಿಡಿಸುತ್ತಿರಲಿಲ್ಲ. ಅವನು ಪ್ರೆಸ್ಸಿನಲ್ಲಿ ಮೆಷಿನ್ ನಡೆಸುವವನು, ಮಾತು ಕಡಿಮೆ, ಮರ್ಯಾದೆಯ ಚಿಂತೆ ಜಾಸ್ತಿ. ಅಜ್ಜಿಗೆ ಹೇಳಿದರೆ ರಂಪವಾಗುತ್ತದೆಂದು ಗುಟ್ಟಾಗಿ ಕಾರು ಮಾರಲು ಹೊರಟ. ಗೋಡೆಗೆ ಬಣ್ಣ ಬಳಿಯುವ ಕಂಟ್ರಾಕ್ಟರನೊಬ್ಬ ಏಣಿ ಸಾಗಿಸಲು ಹಳೇ ಕಾರು ಹುಡುಕುತ್ತಿದ್ದ. ಎಂಜಿನ್ ಸದ್ದು ಕೇಳದೆ ಕೊಳ್ಳುವುದಿಲ್ಲ ಅಂದ. ಅಜ್ಜಿ ತಾತನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ ಸಂಜೆ ಮಗ ಮೆಕ್ಯಾನಿಕ್ಕನ್ನು ಕರೆಸಿ ಹೊಸ ಬ್ಯಾಟರಿ ಹಾಕಿಸಿದ, ಪೆಟ್ರೋಲೂ ತುಂಬಿಸಿದ, ಬೀದಿ ಸುತ್ತಿ ನೋಡಿದ. ಕೀಲಿ ಬಚ್ಚಿಡಿ ಎಂದು ಹೆಂಡತಿ ಹೇಳಿದ್ದಳು. ಹೂಂ ಅಂದವನು, ಕೈಗೆ ಅಭ್ಯಾಸವಾದ ಹಾಗೆ ಕೀಲಿಯನ್ನು ಅದೇ ಮೊಳೆಗೆ ನೇತುಹಾಕಿದ.

ಮರುದಿನ ಅವನಿಗೆ ಮೊದಲ ಪಾಳಿ, ಎಲ್ಲರಿಗಿಂತ ಮುಂಚೆ ಹೋಗಿದ್ದ. ಅವತ್ತು ಕಂಡಕ್ಟರ್ ಸರದಿ ಮೊಮ್ಮಗಳದು. ಕಾಲೇಜಿಗೆ ಹೋಗುವ ಹುಡುಗಿ, ಆದರೂ ಮನೆಯಲ್ಲಿ ಪುಟ್ಟಿ. ಅಜ್ಜಿ ಕೊಟ್ಟ ಕೀಲಿ ಹಿಡಿದು ತಾತ ಕಾರಿನಲ್ಲಿ ಕೂತಾಗಿತ್ತು. ಅವಳಿಗೆ ಪರೀಕ್ಷೆಯಿತ್ತು, ಬಸ್ಸಿಗೆ ಹೊತ್ತಾಗಿತ್ತು. ಇವತ್ತೊಂದು ದಿನ ಅಜ್ಜಿ ಪಕ್ಕದಲ್ಲಿ ಕೂತುಕೊಳ್ಳುತ್ತಾಳೆಂದು ಗೇಟು ತೆರೆದು, ಹೋಗುವ ದಾರಿಯಲ್ಲೇ ಕಾರಿನ ನೆತ್ತಿಗೆ ತಟ್ಟಿ "ರೈಟ್" ಅಂದಳು. ಅಜ್ಜಿ ತಾತನ ನೀರಿನ ಬಾಟಲಿ ತರಲು ಒಳಗೆ ಹೋಗಿದ್ದಳು. ಕಾರು ಸದ್ದು ಮಾಡಿತು. ಪುಟ್ಟಿಗೆ ಅದು ತಮ್ಮ ಕಾರಿನ ಸದ್ದೆಂದೇ ಹೊಳೆಯಲಿಲ್ಲ. ತಿರುಗಿ ನೋಡುವಷ್ಟರಲ್ಲಿ ತಾತ ಅವಳ ಪಕ್ಕದಲ್ಲೇ ಹಾದು ಗೇಟು ದಾಟಿದ್ದರು. ಅವಳು ಕೂಗುತ್ತ ಓಡಿದಳು. ತಾತ ಇಂಡಿಕೇಟರ್ ಹಾಕಿಯೇ ಬೀದಿಯ ಮೂಲೆ ತಿರುಗಿದರು.

ಅಷ್ಟೇ. ಆಮೇಲೆ ಕಾರೂ ಸಿಗಲಿಲ್ಲ, ತಾತನೂ ಸಿಗಲಿಲ್ಲ.

ಅಜ್ಜಿ ಚಪ್ಪಲಿ ಮೆಟ್ಟದೆ ಬೀದಿಬೀದಿ ಅಲೆಯುತ್ತಿದ್ದಾಗ ಠಾಣೆಗೆ ಹೋದವನು ಮಗ. ಒಬ್ಬನೇ ಹೋಗಿದ್ದ. ಅಲ್ಲಿ ಏನು ಹೇಳಿದ ಎಂದು ಯಾರೂ ಕೇಳಲಿಲ್ಲ, ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಪೊಲೀಸರು ಹೆದ್ದಾರಿಯ ಪೆಟ್ರೋಲ್ ಬಂಕುಗಳಲ್ಲಿ ವಿಚಾರಿಸಿದರು. ಪತ್ರಿಕೆಯಲ್ಲಿ ತಾತನ ಫೋಟೋ ಬಂತು, ಅಜ್ಜಿ ಮುಖ ನೋಡಿದಳೇ ಹೊರತು ಕೆಳಗಿನ ಸಾಲು ಓದಲಿಲ್ಲ. ಮೊದಲ ವಾರ ಮನೆ ತುಂಬ ಜನ, ಸೊಸೆ ಚಹಾ ಮಾಡಿ ಮಾಡಿ ಸೋತಳು. ಎರಡನೆಯ ವಾರ ಜನ ಕಡಿಮೆಯಾದರು, ಬುದ್ಧಿವಾದ ಜಾಸ್ತಿಯಾಯಿತು. ಎದುರುಮನೆಯವನು ಹೇಗೂ ಖಾಲಿಯಿದೆಯಲ್ಲ ಎಂದು ತನ್ನ ಕಾರು ಅಂಗಳದಲ್ಲಿ ನಿಲ್ಲಿಸಲೇ ಎಂದು ಕೇಳಿದ. "ಇವರು ಬಂದ್ರೆ ಎಲ್ಲಿ ನಿಲ್ಲಿಸ್ತಾರೆ?" ಎಂದು ಕೇಳಿ ಅಜ್ಜಿ ಆ ಜಾಗದ ನಡುಮಧ್ಯೆ ತನ್ನ ಕುರ್ಚಿ ತಂದು ಹಾಕಿಕೊಂಡಳು. ಸೊಪ್ಪು ಬಿಡಿಸುವುದೂ ಅಲ್ಲೇ, ಬಟ್ಟೆ ಮಡಿಸುವುದೂ ಅಲ್ಲೇ.

ಭಾನುವಾರಗಳಲ್ಲಿ ಮಗಳು ಬರುತ್ತಿದ್ದಳು. ಅವಳು ಶಾಲೆಯಲ್ಲಿ ಟೀಚರು. ಮನೆಯವರಿಗೂ ಪಾಠ ಹೇಳುತ್ತಿದ್ದರಿಂದ ಬೆನ್ನ ಹಿಂದೆ ಟೀಚರಮ್ಮ. ಬಂದವಳೇ ಅಡುಗೆಮನೆಯ ಬಾಗಿಲಲ್ಲಿ ನಿಂತು ತಮ್ಮನ ಹೆಂಡತಿಯನ್ನು ವಿಚಾರಣೆ ಮಾಡುತ್ತಿದ್ದಳು. ಕೀಲಿ ಕೈಗೆ ಸಿಗುವ ಹಾಗೆ ಯಾಕಿತ್ತು, ಎದ್ದ ಸದ್ದು ಕೇಳಿಸಲಿಲ್ಲವೆ, ಮನೆಯಲ್ಲಿ ಹೆಂಗಸಿದ್ದೂ ಹೀಗಾಗುವುದೆಂದರೇನು.

ಸೊಸೆ ಆಲೂಗಡ್ಡೆ ಸುಲಿಯುತ್ತ ಕೇಳುವಷ್ಟು ಕೇಳಿದಳು. ಆಮೇಲೆ ಚಾಕು ಕೆಳಗಿಟ್ಟಳು.

"ಅತ್ತಿಗೆ, ಮಾವನ ಹಾಸಿಗೆ ಒಗೆದಿದ್ದು ನಾನು, ಅವರಿಗೆ ತುತ್ತು ತಿನ್ನಿಸಿದ್ದು ನಾನು. ಅವರು ನನ್ನನ್ನ ನರ್ಸಮ್ಮ ಅಂತ ಕರೆದ್ರೂ ಹೂಂ ಅಂದಿದ್ದೀನಿ. ನೀವು ಭಾನುವಾರ ಬಂದು ನೋಡ್ಕೊಂಡು ಹೋದ್ರಿ. ಪ್ರಶ್ನೆ ಕೇಳೋದಿದ್ರೆ ನಿಮ್ಮ ತಮ್ಮನ್ನ ಕೇಳಿ."

ತಮ್ಮ ಹೊರಗೆ ಪೇಪರ್ ಹಿಡಿದು ಕೂತಿದ್ದ. ಪುಟ ತಿರುಗಲಿಲ್ಲ.

ಮೂರನೆಯ ವಾರ ಠಾಣೆಯಿಂದ ಪೇದೆಯೊಬ್ಬ ಬಂದ. ಒಳ್ಳೆಯ ಮನುಷ್ಯ, ಅಂಗಳದಲ್ಲೇ ನಿಂತು ಅಜ್ಜಿಗೆ ಸಮಾಧಾನ ಹೇಳಿದ. ನೀವೆಲ್ಲ ಮಲಗಿದ್ದಾಗ, ಇನ್ನೂ ಬೆಳಕು ಹರಿಯುವ ಮುಂಚೆ ಬೀರುವಿನಿಂದ ಕೀಲಿ ಕದ್ದು ಹೋಗಿದ್ದಾರೆ, ನೀವಾದರೂ ಏನು ಮಾಡುವುದಕ್ಕಾಗುತ್ತಿತ್ತು. ಅಷ್ಟು ಹೊತ್ತಿಗೆ ರಸ್ತೆ ಖಾಲಿ, ಎಲ್ಲ ಕ್ಯಾಮೆರಾಗಳಲ್ಲೂ ಆ ಹೊತ್ತಿನದನ್ನು ನೋಡಿಯಾಯಿತು, ನೀಲಿ ಕಾರೇ ಇಲ್ಲ ಅಂದ. ಅಜ್ಜಿ ಮಗನ ಮುಖ ನೋಡಿದಳು. ಮಗ ಕಣ್ಣಲ್ಲೇ ಬೇಡಿಕೊಂಡ. ಅಜ್ಜಿ ಪೇದೆಗೆ ನೀರು ಕೊಟ್ಟು ಕಳಿಸಿದಳು. ಗೇಟು ಮುಚ್ಚಿದ ಮೇಲೆ ಶುರುವಾಯಿತು.

"ಕದ್ದು ಹೋದ್ರಾ?" ಅಜ್ಜಿ ಕೇಳಿದಳು. "ಒಂದು ದಿನಕ್ಕೂ ಸಿಗ್ನಲ್ ಹಾರಿಸದ ಮನುಷ್ಯನ್ನ ಕಳ್ಳ ಮಾಡಿ ಬಂದ್ಯಾ?"

"ಅಮ್ಮ, ಮೆತ್ತಗೆ."

"ಬೆಳಕು ಹರಿಯೋ ಮುಂಚೆ ಅಂತ ಹೇಳಿದ್ಯಲ್ಲೋ. ಅವರು ಹೋಗಿದ್ದು ತಿಂಡಿ ಹೊತ್ತಿಗೆ. ಅವರನ್ನ ಯಾವ ಹೊತ್ತಲ್ಲಿ ಹುಡುಕಿಸ್ತಿದ್ದೀಯ ನೀನು?"

ಮಗ ಮೊದಲು ಗೊಣಗಿದ, ಆಮೇಲೆ ಸಿಡಿದ. ಬ್ಯಾಟರಿ ಹಾಕಿಸಿದ್ದು ತಾನೆಂದು ಹೇಳಿದರೆ ಅಕ್ಕ ಜೀವಮಾನವಿಡೀ ಬಿಡುವಳೇ? ಅದು ಹೋಗಲಿ, ಕೀಲಿ ಕೊಟ್ಟವರು ಯಾರು, ಗೇಟು ತೆರೆದವರು ಯಾರು, ರೈಟ್ ಅಂದವರು ಯಾರು ಎಂದು ಕೇಳುತ್ತಾರೆ. ಆಗ ಪುಟ್ಟಿಯ ಹೆಸರು ಬರುತ್ತದೆ. ಮಗು ಠಾಣೆ ಮೆಟ್ಟಿಲು ಹತ್ತಬೇಕೆ? ತಾತನನ್ನು ಕಳಿಸಿದವಳು ಎಂದು ಬೀದಿಯವರ ಬಾಯಿಗೆ ಬೀಳಬೇಕೆ? ಅವನು ಹೇಳುವುದರಲ್ಲಿ ಪುಟ್ಟಿಯ ಮೇಲಿನ ಪ್ರೀತಿ ನಿಜವಾಗಿತ್ತು. ತನ್ನ ಹೆದರಿಕೆಯನ್ನು ಅದರ ಕೆಳಗೆ ಮುಚ್ಚಿಟ್ಟಿದ್ದೂ ಅಷ್ಟೇ ನಿಜ. ಅಜ್ಜಿಗೆ ಎರಡೂ ಕಾಣಿಸಿತು. ಆದರೂ ಮೊಮ್ಮಗಳ ಹೆಸರು ಕೇಳಿ ಅವಳ ಬಾಯಿಗೆ ಬೀಗ ಬಿತ್ತು. ಅವತ್ತಿನಿಂದ ಮಗನೊಡನೆ ಮಾತು ಬಿಟ್ಟಳು. ತಟ್ಟೆಗೆ ಬಡಿಸುವಳು, ಸಾಕಾ ಎಂದು ಕೇಳುವುದಿಲ್ಲ. ಹೊಟ್ಟೆಗೆ ಹಾಕುತ್ತೇನೆ, ಮಾತು ಹಾಕುವುದಿಲ್ಲ ಎಂಬ ಹಟ.

ಪುಟ್ಟಿಯನ್ನು ಕಾಪಾಡಿದೆವು ಎಂದು ದೊಡ್ಡವರು ಅಂದುಕೊಂಡಿದ್ದರು. ಪುಟ್ಟಿ ಊಟದಲ್ಲಿ ಅರ್ಧ ತಟ್ಟೆಯಲ್ಲೇ ಬಿಡುತ್ತಿದ್ದಳು. ಒಂದು ದಿನ ಸೊಸೆ ಮಗಳ ಚಪ್ಪಲಿ ಎತ್ತಿಡುವಾಗ ಅಟ್ಟೆ ಸವೆದು ಕಾಗದವಾಗಿರುವುದನ್ನು ನೋಡಿದಳು. ವಿಚಾರಿಸಿದರೆ, ಹುಡುಗಿ ಅಷ್ಟು ದೂರದ ಕಾಲೇಜಿಗೆ ನಡೆದೇ ಹೋಗಿಬರುತ್ತಿದ್ದಾಳೆ. ಬಸ್ ಹತ್ತುವುದೇ ಬಿಟ್ಟಿದ್ದಾಳೆ.

"ಯಾಕೆ ಪುಟ್ಟಿ?"

"ಬಸ್ಸಲ್ಲಿ ಎಲ್ಲ ಸ್ಟಾಪಲ್ಲೂ ಅದನ್ನೇ ಹೇಳ್ತಾರಮ್ಮ."

ಸೊಸೆ ಆ ಸವೆದ ಚಪ್ಪಲಿಯನ್ನು ತೆಗೆದುಕೊಂಡು ಹೋಗಿ ಗಂಡನ ಊಟದ ತಟ್ಟೆಯ ಪಕ್ಕದಲ್ಲಿಟ್ಟಳು. ಅವನು ಕೈ ತೊಳೆದುಕೊಂಡು ಎದ್ದ.

ಮುಂದಿನ ಭಾನುವಾರ ಟೀಚರಮ್ಮ ಒಂದು ದೊಡ್ಡ ಫೋಟೋ ಕಟ್ಟು ಹಾಕಿಸಿಕೊಂಡು ಬಂದಳು. ಯೂನಿಫಾರ್ಮ್ ತೊಟ್ಟ ತಾತ, ಎದೆಯ ಜೇಬಿನಲ್ಲಿ ಪೆನ್ನು. ಎಲ್ಲರೂ ಊಟಕ್ಕೆ ಕೂತಾಗ ಮಾತು ತೆಗೆದಳು. ಎಷ್ಟು ದಿನ ಹೀಗೆ? ಅಮ್ಮ ಬಿಸಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿರುವುದು ಚೆಂದವೆ? ಅಪ್ಪ ಇನ್ನಿಲ್ಲ ಎಂದು ಮನಸ್ಸಿಗೆ ತಂದುಕೊಳ್ಳೋಣ, ಫೋಟೋ ಗೋಡೆಗೆ ಹಾಕೋಣ, ನಾಲ್ಕು ಜನರನ್ನು ಕರೆದು ಅವರ ಬಗ್ಗೆ ಒಳ್ಳೆಯ ಮಾತಾಡೋಣ. ಹೇಳುತ್ತ ಹೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಟೀಚರಮ್ಮನೂ ಅಪ್ಪನ ಮಗಳೇ ತಾನೆ. ಆದರೆ ಅಳು ಬಂದರೆ ಅವಳಿಗೆ ಸಿಟ್ಟೂ ಬರುತ್ತಿತ್ತು, ಸಿಟ್ಟು ಮತ್ತೆ ತಮ್ಮನ ಹೆಂಡತಿಯ ಮೇಲೇ ಹೋಯಿತು.

"ಕೀಲಿ ಮೇಲೆ ಒಂದು ಕಣ್ಣಿಟ್ಟಿದ್ರೆ ಅಪ್ಪ ಕದ್ದು ಓಡಿಹೋಗ್ತಿರಲಿಲ್ಲ."

ಪುಟ್ಟಿ ಕೈಯಲ್ಲಿದ್ದ ತುತ್ತು ತಟ್ಟೆಯಲ್ಲಿಟ್ಟಳು.

"ತಾತ ಕದ್ದಿಲ್ಲ. ಕೀಲಿ ಅಜ್ಜಿ ಕೊಟ್ಟಿದ್ದು. ಬ್ಯಾಟರಿ ಅಪ್ಪ ಹಾಕ್ಸಿದ್ದು. ಗೇಟು ತೆಗ್ದು ರೈಟ್ ಅಂದಿದ್ದು ನಾನು. ಅಮ್ಮ ಏನೂ ಮಾಡಿಲ್ಲ, ಅವಳನ್ನ ಬಿಡಿ ಅತ್ತೆ."

ಟೀಚರಮ್ಮ ತಮ್ಮನ ಕಡೆ ತಿರುಗಿದಳು. ಬ್ಯಾಟರಿ ಯಾಕೆ ಹಾಕಿಸಿದೆ ಎಂದು ಕೇಳಿದಳು, ಮಾರುವುದಕ್ಕೆ ಅಂದ. ಠಾಣೆಯಲ್ಲಿ ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದಳು, ಅವನು ಮಗಳ ಕಡೆ ನೋಡಿದ.

"ನನ್ನ ಹೆಸರು ಹೇಳಬೇಡ ಅಪ್ಪ," ಪುಟ್ಟಿ ಅಂದಳು. "ನನಗೋಸ್ಕರ ಅಂತ ಹೇಳಬೇಡ. ನಾನು ಕೇಳಿರಲಿಲ್ಲ."

ಅಜ್ಜಿ ಎದ್ದಳು. ಫೋಟೋವನ್ನು ಮುಖ ಗೋಡೆಗೆ ಮಾಡಿ ಮೂಲೆಗೆ ಒರಗಿಸಿದಳು, ಸೀರೆ ಸರಿಮಾಡಿಕೊಂಡಳು, ಮೊಮ್ಮಗಳಿಗೆ ಕೈ ತೊಳೆದುಕೋ ಅಂದಳು. ಇಬ್ಬರೂ ಗೇಟು ದಾಟಿದರು. ಬೀದಿಯ ತಿರುವಿನಲ್ಲಿ ಹಿಂದೆ ಯಾರೋ ಓಡಿಬರುವ ಸದ್ದಾಯಿತು. ಮಗ. ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬರುತ್ತಿದ್ದ. ಅಜ್ಜಿ ನಿಲ್ಲಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಠಾಣೆಯಲ್ಲಿ ಅವನೇ ಹೇಳಿದ. ಇನ್ಸ್‌ಪೆಕ್ಟರ್ ಕೇಳುತ್ತ ಕೇಳುತ್ತ ಕೆಂಪಗಾದರು, ಚೆನ್ನಾಗಿ ಝಾಡಿಸಿದರು. ಇಷ್ಟು ವಾರ ಇಲ್ಲದ ಹೊತ್ತಿನಲ್ಲಿ, ಇಲ್ಲದ ರಸ್ತೆಯಲ್ಲಿ ನಮ್ಮನ್ನು ಓಡಾಡಿಸಿದಿರಿ ಅಂದರು. ಪುಟ್ಟಿಯನ್ನು ಮಾತ್ರ ಯಾರೂ ಬೈಯಲಿಲ್ಲ. ಕುರ್ಚಿ ಕೊಟ್ಟು, ತಾತ ಯಾವ ಕಡೆ ತಿರುಗಿದರಮ್ಮ ಎಂದು ಕೇಳಿದರು. ಆದರೆ ಆ ಬೆಳಗಿನ ಕ್ಯಾಮೆರಾ ಚಿತ್ರಗಳು ಈಗ ಉಳಿದಿರಲಿಲ್ಲ. ಹಳೆಯದು ತಾನಾಗಿ ಅಳಿಸಿಹೋಗುತ್ತದೆ, ಮೊದಲೇ ಹೇಳಿದ್ದರೆ ಒಂದೇ ದಿನದಲ್ಲಿ ಸಿಗುತ್ತಿತ್ತೇನೋ ಎಂದರು. ಮಗ ಅಲ್ಲೇ ಗೋಡೆಗೆ ಆತು ನಿಂತ. ಅಷ್ಟು ದೊಡ್ಡ ಗಂಡಸು ಹೆಗಲು ಕುಲುಕಿಸಿ ಅತ್ತದ್ದನ್ನು ಪುಟ್ಟಿ ಅದೇ ಮೊದಲು ನೋಡಿದ್ದು.

ಅಜ್ಜಿಗೆ ಅಳುವುದಕ್ಕೆ ಪುರುಸೊತ್ತಿರಲಿಲ್ಲ. "ಕ್ಯಾಮೆರಾ ಮರೆತರೆ ಮರೀಲಿ ಸಾಹೇಬ್ರೆ. ಆ ರೂಟಲ್ಲಿ ದಿನಾ ಓಡಾಡೋ ಜನ ಇದ್ದಾರೆ. ನಾನು ಅವರನ್ನ ಕೇಳ್ತೀನಿ."

ಮರುದಿನದಿಂದ ಅಜ್ಜಿ ತಾತನ ರೂಟಿನ ಬಸ್ ಹತ್ತಿದಳು. ಸಂಜೆ ಕಾಲೇಜು ಬಿಟ್ಟ ಮೇಲೆ ಪುಟ್ಟಿಯೂ ಜೊತೆಯಾಗುತ್ತಿದ್ದಳು. ರೈಟ್ ಎಂಬ ಕೂಗು ಬಂದಾಗಲೆಲ್ಲ ಹುಡುಗಿ ಕಣ್ಣು ಮುಚ್ಚಿಕೊಳ್ಳುವಳು, ಅಜ್ಜಿ ಅವಳ ಕೈ ಬಿಗಿಯಾಗಿ ಹಿಡಿಯುವಳು. ಒಂದೊಂದು ದಿನ ಒಂದೊಂದು ಸ್ಟಾಪು. ಡಿಪೋ ಹತ್ತಿರದ ಚಹಾದಂಗಡಿ, ಗಡಿಯಾರದ ಕಂಬದ ಕೆಳಗೆ ಬೂಟು ಹೊಲಿಯುವವನು, ಕಾರ್ಖಾನೆಯ ಗೇಟಿನ ವಾಚ್‌ಮನ್, ಯಾರನ್ನೂ ಬಿಡಲಿಲ್ಲ. ಹುಚ್ಚು ಮುದುಕಿ ಎಂದವರಿದ್ದರು. "ಹುಚ್ಚೇ ಇರಲಿ, ನೀಲಿ ಕಾರು ನೋಡಿದ್ರಾ ಹೇಳಿ," ಎಂದು ಅಜ್ಜಿ ಅವರನ್ನೇ ಮತ್ತೆ ಕೇಳಿದಳು. ಮನೆಯ ಅಡುಗೆ ಸೊಸೆಯ ಮೇಲೆ ಬಿತ್ತು, ಟೀಚರಮ್ಮ ಶಾಲೆ ಮುಗಿಸಿ ಬಂದು ತುಟಿ ಬಿಚ್ಚದೆ ಪಾತ್ರೆ ತೊಳೆದು ಹೋಗತೊಡಗಿದಳು. ರಜೆಯ ದಿನ ಮಗನೂ ಬಸ್ ಹತ್ತಿದ. ಅಜ್ಜಿಯ ಚೀಲ ಹಿಡಿದು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ.

ಅಂಥ ಒಂದು ರಜೆಯ ದಿನವೇ ಆ ಹೆಂಗಸು ಸಿಕ್ಕಿದ್ದು. ನರ್ಸುಗಳ ಹಾಸ್ಟೆಲಿನ ಅಡುಗೆಯವಳು, ಹಿತ್ತಲ ಬಾಗಿಲಲ್ಲಿ ಕೂತು ದೊಡ್ಡ ಹಂಡೆ ತಿಕ್ಕುತ್ತಿದ್ದಳು. ನೀಲಿ ಕಾರು ಅಂದಕೂಡಲೆ ಕೈ ನಿಲ್ಲಿಸಿದಳು.

"ಆಸ್ಪತ್ರೆ ಸ್ಟಾಪಲ್ಲಿ ನನಗೆ ಬಸ್ ತಪ್ಪಿತ್ತು. ಕಾರು ಬಂದು ಸ್ಟಾಪಿಗೆ ಸರಿಯಾಗಿ ನಿಲ್ತು. ತಾತ ಬಾಗಿಲು ತೆಗ್ದು, ಮುಂದೆ ಬನ್ನಿ, ಮುಂದೆ ಜಾಗ ಇದೆ ಅಂದ್ರು. ಕಾರಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನಗು ಬಂತು, ಹತ್ತಿದೆ. ಸ್ಟಾಪಲ್ಲಿದ್ದೋರು ಯಾರೋ ನಗ್ತಾ ರೈಟ್ ಅಂದ್ರು."

ಪತ್ರಿಕೆಯಲ್ಲಿ ನೋಡಲಿಲ್ಲವೆ ಎಂದು ಮಗ ಕೇಳಿದ. ನೋಡಿದ್ದೆ ಅಂದಳು. ಆದರೆ ಅದರಲ್ಲಿ ಬುದ್ಧಿ ಸ್ಥಿಮಿತವಿಲ್ಲದವರು, ಬೆಳಕು ಹರಿಯುವ ಮುಂಚೆ ಕದ್ದು ಹೋದವರು ಎಂದಿತ್ತು. "ಇವರು ಆ ಥರ ಇರಲಿಲ್ಲಪ್ಪ. ನನ್ನ ಗಂಡನಿಗಿಂತ ಚೆನ್ನಾಗಿ ಓಡಿಸಿದ್ರು. ಬೇರೆ ಯಾರೋ ಅಂದ್ಕೊಂಡೆ." ಮಗ ತಲೆ ತಗ್ಗಿಸಿದ.

"ಇಳಿದ ಮೇಲೆ?" ಅಜ್ಜಿ ಕೇಳಿದಳು.

"ಇಳಿದ ಮೇಲೆ ಹೋಗಲೇ ಇಲ್ಲ. ನನ್ನನ್ನೇ ನೋಡ್ತಾ ಕೂತ್ರು. ಏನು ಅಂದೆ. ರೈಟ್ ಅನ್ನಮ್ಮ, ಟೈಮ್ ಆಗ್ತಿದೆ ಅಂದ್ರು. ನಾನೂ ತಮಾಷೆಗೆ ಕಾರು ತಟ್ಟಿ ರೈಟ್ ಅಂದೆ. ಹೊರಟ್ರು." ಹೇಳುತ್ತಿದ್ದಂತೆ ಅವಳ ಮುಖ ಬಾಡಿತು. "ನಾನು ಹಾಗೆ ಅನ್ನಬಾರದಿತ್ತಾ?"

ಪುಟ್ಟಿ ಅವಳೆದುರು ಕುಕ್ಕರಗಾಲಲ್ಲಿ ಕೂತು ಆ ಮಸಿ ಕೈಗಳನ್ನು ಹಿಡಿದುಕೊಂಡಳು. "ಇಲ್ಲಮ್ಮ. ನಿಮಗೆ ಹೇಗೆ ಗೊತ್ತಾಗಬೇಕು? ನಿಮ್ಮ ತಪ್ಪಿಲ್ಲ." ಹೇಳಿ ಮುಗಿಸಿದ ಮೇಲೆ, ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಂಡವಳಂತೆ ತಲೆ ಎತ್ತಿ ಅಜ್ಜಿಯನ್ನು ನೋಡಿದಳು. ಆಮೇಲೆ ಎಷ್ಟೋ ವಾರದಿಂದ ಕಟ್ಟಿಕೊಂಡಿದ್ದ ಅಳು ಒಮ್ಮೆಲೇ ಬಂತು. ಅಡುಗೆಯವಳು ತನ್ನ ಸೆರಗಿನಿಂದಲೇ ಅವಳ ಮುಖ ಒರೆಸಿದಳು.

ಮೂವರೂ ಕೊನೆಯ ಸ್ಟಾಪಿಗೆ ಹೋದರು. ನೀರಿನ ಟ್ಯಾಂಕ್ ಇರಲಿಲ್ಲ. ಅದನ್ನು ಕೆಡವಿ ಮೇಲ್ಸೇತುವೆ ಕಟ್ಟಿದ್ದರು. ಬಸ್ಸು ಅದರ ಬುಡದಲ್ಲಿ ತಿರುಗುತ್ತಿತ್ತು, ಉಳಿದ ರಸ್ತೆಗಳು ಕವಲೊಡೆದು ಹೋಗುತ್ತಿದ್ದವು. ಮಗ ಸೇತುವೆಯನ್ನು ನೋಡುತ್ತ ತಲೆಯ ಮೇಲೆ ಕೈ ಹೊತ್ತ. ಟ್ಯಾಂಕ್ ಕಾಣದೆ ಅಪ್ಪ ಎತ್ತ ಬೇಕಾದರೂ ಹೋಗಿರಬಹುದು ಅಂದ.

ಅಜ್ಜಿ ಅವನ ಕಡೆ ತಿರುಗಿದಳು. ಎಷ್ಟೋ ವಾರದ ಮೇಲೆ ಅವನಿಗೆ ಆಡಿದ ಮೊದಲ ಮಾತು.

"ಎತ್ತ ಬೇಕಾದ್ರೂ ಹೋಗೋರಲ್ಲ ನಿಮ್ಮಪ್ಪ. ಲಾಸ್ಟ್ ಸ್ಟಾಪ್ ಕಾಣದಿದ್ರೆ ಇಲ್ಲೇ ನಿಲ್ಲಿಸಿ ಕೂತಿರ್ತಾರೆ, ಬೆವರು ಸುರಿಸ್ಕೊಂಡು. ಇಲ್ಲಿಲ್ಲ ಅಂದ್ರೆ ಯಾರೋ ಹತ್ತಿದ್ದಾರೆ, ಯಾರೋ ರೈಟ್ ಅಂದಿದ್ದಾರೆ. ಅಂದವರು ಈ ಊರಲ್ಲೇ ಇದ್ದಾರೆ. ಅವರನ್ನ ಹುಡುಕು ನಡಿ."

ಅವತ್ತು ಯಾರೂ ಸಿಗಲಿಲ್ಲ. ಮರುದಿನವೂ ಸಿಗಲಿಲ್ಲ. ಇವತ್ತಿನವರೆಗೂ ಸಿಕ್ಕಿಲ್ಲ, ನಿಮಗೆ ಸುಳ್ಳು ಹೇಳಿ ಏನಾಗಬೇಕು. ಅಂಗಳದಲ್ಲಿ ಕುರ್ಚಿ ಹಾಗೇ ಇದೆ, ಅಜ್ಜಿ ಇಲ್ಲದಾಗ ಅದರಲ್ಲಿ ಟೀಚರಮ್ಮ ಕೂತು ಕಾಪಿ ತಿದ್ದುತ್ತಾಳೆ. ಎದುರುಮನೆಯವನು ಮತ್ತೆ ಕೇಳಿಲ್ಲ. ಫೋಟೋ ಇನ್ನೂ ಮೂಲೆಯಲ್ಲೇ ಒರಗಿದೆ. ಮೇಲ್ಸೇತುವೆಯಿಂದ ಆಚೆಗೆ ಹೋಗುವ ಬಸ್ಸುಗಳೆಲ್ಲ ಈಗ ಅಜ್ಜಿಗೆ ಪರಿಚಯ.

ಆ ಮೊದಲ ದಿನ, ಸೇತುವೆಯಾಚೆಯ ಬಸ್ಸು ಹತ್ತಿದಾಗ, ಕಂಡಕ್ಟರ್ ಮುಂದುಗಡೆ ಚಿಲ್ಲರೆಗಾಗಿ ಯಾರೊಡನೆಯೋ ಜಗಳಕ್ಕೆ ಬಿದ್ದಿದ್ದ. ಎಲ್ಲರೂ ಹತ್ತಿಯಾಗಿತ್ತು. ಡ್ರೈವರ್ ಕನ್ನಡಿಯಲ್ಲಿ ಹಿಂದಕ್ಕೆ ನೋಡುತ್ತ ಕಾಯುತ್ತಿದ್ದ. ಅಜ್ಜಿ ಮೊಮ್ಮಗಳ ಮುಖ ನೋಡಿದಳು. ಪುಟ್ಟಿ ಬಾಗಿಲ ಹತ್ತಿರ ಹೋಗಿ, ಮೂಗೊರೆಸಿಕೊಂಡು, ಬಸ್ಸಿನ ತಗಡಿಗೆ ಎರಡು ಸಲ ತಟ್ಟಿದಳು.

"ರೈಟ್."

ಬಸ್ಸು ಹೊರಟಿತು. ಅಜ್ಜಿ ಪಕ್ಕದ ಸೀಟಿನವನ ಕಡೆ ತಿರುಗಿ, ನೀವು ದಿನಾ ಇದೇ ಬಸ್ಸಲ್ಲಿ ಓಡಾಡ್ತೀರಾ ಎಂದು ಕೇಳಿದಳು.